ಲೂಚಾ ಲಿಬ್ರೆ: ಆರು ಹಳೆಯ ಪಂದ್ಯಗಳಲ್ಲಿ ಮೊದಲು ಯಾವುದನ್ನು ನೋಡಬೇಕು?

ಡಬ್ಲ್ಯುಡಬ್ಲ್ಯುಇ ನೋಡಿ ಬೆಳೆದ ಕಣ್ಣಿಗೆ ಲೂಚಾ ಲಿಬ್ರೆ, ಅಂದರೆ ಮೆಕ್ಸಿಕೋದ ಕುಸ್ತಿ, ಅದರಲ್ಲೂ ಹಳೆಯದು, ಮೊದಲ ಐದು ನಿಮಿಷಕ್ಕೇ ಗೊಂದಲ. ಇಬ್ಬರು ಪಟ್ಟು ಹಾಕಿಕೊಂಡು ಉರುಳಾಡುತ್ತಾರೆ, ಒಬ್ಬ ತೀರಾ ಸಾದಾ ಪಟ್ಟಿಗೆ ಚಿತ್ ಆಗುತ್ತಾನೆ, ರೆಫರಿ ಇನ್ನೊಬ್ಬನ ಕೈ ಎತ್ತಿಬಿಡುತ್ತಾನೆ. ಇಷ್ಟೇನಾ ಎಂದು ವಿಡಿಯೋ ಮುಚ್ಚುವವರು ಬಹಳ. ಮುಗಿದಿರುವುದು ಪಂದ್ಯವಲ್ಲ, ಮೊದಲ 'ಕಾಯ್ದಾ', ಅಂದರೆ ಸುತ್ತು. ಹಳೆಯ ದೊಡ್ಡ ಪಂದ್ಯಗಳೆಲ್ಲ ಹೆಚ್ಚಾಗಿ ಮೂರು ಸುತ್ತಿನಲ್ಲಿ ಎರಡು ಗೆದ್ದವನಿಗೆ. ಮೊದಲ ಸುತ್ತು ಚಿಕ್ಕದಾಗಿರುವುದು, ಎರಡನೆಯದು ಸೋತವನ ಪಾಲಾಗುವುದು, ಮೂರನೆಯದು ಉದ್ದಕ್ಕೆ ಎಳೆಯುವುದು ವಾಡಿಕೆ. ಇದೊಂದು ತಲೆಯಲ್ಲಿದ್ದರೆ ಅರ್ಧ ತೊಡಕು ಹೋಯಿತು.

ಇಲ್ಲಿ ಹೋಲಿಸಿರುವುದು ಶ್ರೇಷ್ಠ ಪಂದ್ಯಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬರುವ ಆರು ಪಂದ್ಯಗಳನ್ನು. ಯಾವುದು ಶ್ರೇಷ್ಠ ಎನ್ನುವುದು ಇಲ್ಲಿಯ ಪ್ರಶ್ನೆಯಲ್ಲ. ಹಿನ್ನೆಲೆ ಏನೂ ಗೊತ್ತಿಲ್ಲದವರು ಯಾವುದರಿಂದ ಶುರುಮಾಡಿದರೆ ದಾರಿ ತಪ್ಪುವುದಿಲ್ಲ ಎನ್ನುವುದು. ಮುಂದೆ ನಾಲ್ಕು ಪಂದ್ಯಗಳ ಫಲಿತಾಂಶ ಹೇಳಲೇಬೇಕಾಗುತ್ತದೆ. ಅದು ಬೇಡವೆನ್ನುವವರು ಆ ನಾಲ್ಕನ್ನು ನೋಡಿ ಬಂದು ಓದಬಹುದು. 1983 ಮತ್ತು 1990ರ ಪಂದ್ಯಗಳ ಗುಟ್ಟು ಬಿಟ್ಟಿಲ್ಲ.

ಮೊದಲು ಕೆಲವು ಮಾತುಗಳು ಗೊತ್ತಿರಲಿ. 'ಟೆಕ್ನಿಕೊ' ಎಂದರೆ ನಿಯಮಕ್ಕೆ ಬದ್ಧನಾದವನು, 'ರೂಡೊ' ಎಂದರೆ ಒರಟ. ರೂಡೊ ಖಳನೇ ಆಗಿರಬೇಕೆಂದಿಲ್ಲ, ಅವನಿಗೇ ಜೈ ಎನ್ನುವ ಜನ ಪ್ರತಿ ಅರೇನಾದಲ್ಲೂ ಇರುತ್ತಾರೆ. ಹಗ್ಗದ ನಡುವೆ ತಲೆ ಮುಂದಾಗಿ ಹೊರಕ್ಕೆ ನುಗ್ಗುವುದು 'ತೋಪೆ', ಮೇಲಿನಿಂದ ಮೈಯೊಡ್ಡಿ ಬೀಳುವುದು 'ಪ್ಲಾಂಚಾ', ಪಟ್ಟಿಗೆ 'ಯಾವೆ'. ಎದುರಾಳಿಯ ಮುಖವಾಡ ಕಿತ್ತರೆ ಅನರ್ಹ. ಹರಿದರೆ ರೆಫರಿ ನೋಡಿಯೂ ನೋಡದಂತೆ ಇರುತ್ತಾನೆ. ಇನ್ನೊಂದು: ಅಮೆರಿಕದವರು ಎದುರಾಳಿಯ ಎಡಗೈ, ಎಡಗಾಲು ಹಿಡಿದು ಪಟ್ಟು ಹಾಕಿದರೆ ಮೆಕ್ಸಿಕೋದವರು ಬಲಗಡೆ ಹಿಡಿಯುತ್ತಾರೆ. ಏನೋ ಕನ್ನಡಿಯಲ್ಲಿ ನೋಡಿದ ಹಾಗಿದೆ ಅನ್ನಿಸಿದರೆ ಕಾರಣ ಅದು, ವಿಡಿಯೋ ತಿರುಗಿಲ್ಲ.

ಈಗ ಪಂದ್ಯಗಳು. ಮೊದಲೆರಡನ್ನು ಜೋಡಿಯಾಗಿಯೇ ನೋಡಬೇಕು.

1992ರ ಏಪ್ರಿಲ್ 3, ಮೆಕ್ಸಿಕೋ ಸಿಟಿಯ ಅರೇನಾ ಮೆಹಿಕೊ. ಬ್ಲೂ ಪ್ಯಾಂಥರ್ ಎದುರು ಲವ್ ಮಷೀನ್. ಪಣ ಮುಖವಾಡಕ್ಕೆ ಮುಖವಾಡ: ಸೋತವನು ಅಖಾಡದ ನಡುವೆ ಮುಖವಾಡ ತೆಗೆದು ತನ್ನ ನಿಜ ಹೆಸರು ಹೇಳಬೇಕು, ಮುಂದೆ ಅದನ್ನು ಹಾಕುವಂತಿಲ್ಲ. ಪ್ಯಾಂಥರ್ ಪಟ್ಟುಗಳ ಮೇಷ್ಟ್ರು, ಆದರೆ ರೂಡೊ. ಲವ್ ಮಷೀನ್ ಎಂದರೆ ಅಮೆರಿಕದ ಆರ್ಟ್ ಬಾರ್, ಆಗ ಜನ ಮೆಚ್ಚಿದ ಟೆಕ್ನಿಕೊ. ಪಂದ್ಯ ತಿರುಗುವುದು 'ಮಾರ್ತಿನೆತೆ' ಎಂಬ ಒಂದೇ ಪಟ್ಟಿನ ಮೇಲೆ. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ನೆತ್ತಿ ನೆಲಕ್ಕೆ ಬಡಿಯುವುದು. ಅಂಡರ್‌ಟೇಕರ್‌ನ ಟೂಂಬ್‌ಸ್ಟೋನ್ ಅಂದರೆ ತಟ್ಟನೆ ಹೊಳೆಯುತ್ತದೆ. ಅಲ್ಲಿ ಅದು ಪಂದ್ಯ ಗೆಲ್ಲಿಸುವ ಮುದ್ದಿನ ಪಟ್ಟು. ಮೆಕ್ಸಿಕೋದಲ್ಲಿ ನಿಷಿದ್ಧ, ಹಾಕಿದವನು ಆ ಕ್ಷಣವೇ ಅನರ್ಹ, ತಿಂದವನು ಸ್ಟ್ರೆಚರ್ ಮೇಲೆ. ಲವ್ ಮಷೀನ್ ಅದನ್ನೇ ಹಾಕುತ್ತಾನೆ. ಅನರ್ಹನಾಗಿ ಮುಖವಾಡ ಕಳೆದುಕೊಳ್ಳುತ್ತಾನೆ.

ಹೊಸಬರು ಎಡವುವುದು ಇಲ್ಲೇ. ನಿಷೇಧ ಗೊತ್ತಿಲ್ಲದಿದ್ದರೆ ಗೆಲ್ಲಬೇಕಾದವನು ಗೆದ್ದ ಗಳಿಗೆಯಲ್ಲೇ ಸೋತಂತೆ ಕಾಣುತ್ತದೆ, ಕೊನೆ ಕೆಟ್ಟಿತು ಅನ್ನಿಸುತ್ತದೆ. ಗೊತ್ತಿದ್ದರೆ, ಅವನು ಪ್ಯಾಂಥರನನ್ನು ಎತ್ತಿ ತಿರುಗಿಸುವಾಗಲೇ ನಿಮ್ಮ ಬಾಯಿಂದ "ಬೇಡ" ಎಂದು ಬರುತ್ತದೆ. ಆ ಒಂದು ಕ್ಷಣಕ್ಕಾಗಿ ಇದನ್ನು ಮೊದಲು ನೋಡಿ.

ಎರಡನೆಯದು 1994ರ ನವೆಂಬರ್ 6, ಲಾಸ್ ಏಂಜಲೀಸ್, 'ವೆನ್ ವರ್ಲ್ಡ್ಸ್ ಕೊಲೈಡ್' ಎಂಬ ಹೆಸರಿನ ಪ್ರದರ್ಶನ. ಒಂದು ಕಡೆ ಎಲ್ ಇಹೊ ದೆಲ್ ಸಾಂತೊ (ಹೆಸರಿನ ಅರ್ಥವೇ 'ಸಂತನ ಮಗ', ಅಪ್ಪ ಎಲ್ ಸಾಂತೊ) ಮತ್ತು ಆಕ್ಟಗಾನ್, ಪಣಕ್ಕೆ ಎರಡು ಮುಖವಾಡ. ಇನ್ನೊಂದು ಕಡೆ ಅದೇ ಆರ್ಟ್ ಬಾರ್, ಜೊತೆಗೆ ಎಡ್ಡಿ ಗೆರೇರೊ, ಪಣಕ್ಕೆ ಇಬ್ಬರ ತಲೆಗೂದಲು, ಸೋತರೆ ತಲೆ ಬೋಳು. ಹೌದು, ನಮ್ಮವರು ಟಿವಿಯಲ್ಲಿ ನೋಡಿ ಮೆಚ್ಚಿದ ಅದೇ ಎಡ್ಡಿ. ಮೇಲಿನ ಹಗ್ಗದಿಂದ ಎದುರಾಳಿಯ ಮೇಲೆ ಹಾರಿ ಬೀಳುವ ಅವನ ಫ್ರಾಗ್ ಸ್ಪ್ಲ್ಯಾಶ್, ಅವನಿಗಿಂತ ಮೊದಲು ಬಾರ್ ಬಳಸುತ್ತಿದ್ದ ಪಟ್ಟು. ಈ ಪಂದ್ಯವಾಗಿ ಮೂರು ವಾರ ತುಂಬುವ ಮೊದಲೇ ಬಾರ್ ತೀರಿಕೊಂಡ, ಎಡ್ಡಿ ಅವನ ನೆನಪಿಗೆ ಅದನ್ನು ಉಳಿಸಿಕೊಂಡ. ಎಡ್ಡಿಯ ಅಪ್ಪ ಗೋರಿ ಗೆರೇರೊ ಮತ್ತು ಮೊದಲ ಎಲ್ ಸಾಂತೊ ಜೋಡಿ ಕುಸ್ತಿಪಟುಗಳು, ಅವರಿಗೆ 'ಅಣು ಜೋಡಿ' ಎಂದೇ ಹೆಸರು. ಮಕ್ಕಳೂ ಅದೇ ಹೆಸರಲ್ಲಿ ಜೋಡಿಯಾಗಿದ್ದರು, ಎಡ್ಡಿ ದ್ರೋಹ ಬಗೆದ. ಇಷ್ಟು ಹಿನ್ನೆಲೆ ಸಾಕು.

ಜೋಡಿ ಪಂದ್ಯದ ಲೆಕ್ಕ ಇಲ್ಲಿ ಬೇರೆ. ಒಂದು ಸುತ್ತು ಗೆಲ್ಲಲು ಇಬ್ಬರನ್ನೂ ಕೆಡವಬೇಕು. ಒಬ್ಬ ಚಿತ್ ಆದರೆ ಅವನಷ್ಟೇ ಬದಿಗೆ, ಉಳಿದವನು ಇಬ್ಬರನ್ನು ಎದುರಿಸಬೇಕು. ಮೂರನೇ ಸುತ್ತಿನಲ್ಲಿ ಬಾರ್ ಆಕ್ಟಗಾನ್‌ಗೆ ಮಾರ್ತಿನೆತೆ ಹಾಕುತ್ತಾನೆ, ರೆಫರಿಗೆ ಕಾಣುವುದಿಲ್ಲ. ಆಕ್ಟಗಾನ್‌ನನ್ನು ಸ್ಟ್ರೆಚರ್‌ನಲ್ಲಿ ಒಯ್ಯುತ್ತಾರೆ. ಸಾಂತೊನ ಕಡೆ ಮೂಲೆಯಲ್ಲಿ ಸಹಾಯಕನಾಗಿ ನಿಂತಿರುವವನು ಯಾರು? ಬ್ಲೂ ಪ್ಯಾಂಥರ್. ಎರಡು ವರ್ಷದ ಹಿಂದಿನ ಬಾಕಿ ಅವನು ಅದೇ ಪಟ್ಟಿನಿಂದ ತೀರಿಸುತ್ತಾನೆ. 1992 ನೋಡದವರಿಗೆ ಇದು ಯಾರೋ ಮೂರನೆಯವನು ನುಗ್ಗಿದಂತೆ. ನೋಡಿದವರಿಗೆ ಸೀಟಿನಿಂದ ಎದ್ದು ನಿಲ್ಲುವ ಜಾಗ.

ಇದರ ಇನ್ನೊಂದು ಅನುಕೂಲ ಇಂಗ್ಲಿಷ್ ವೀಕ್ಷಕ ವಿವರಣೆ. ಅಮೆರಿಕದಲ್ಲಿ ದುಡ್ಡು ಕೊಟ್ಟು ನೋಡುವ ಪ್ರಸಾರವಾಗಿದ್ದರಿಂದ ವಿವರಣೆಗಾರ ಮೈಕ್ ಟೆನೆ ಪಕ್ಕದಲ್ಲೇ ಕೂತವನಂತೆ ನಿಯಮ ಬಿಡಿಸಿ ಹೇಳುತ್ತಾನೆ. ಪ್ರತಿಯೂ ಉಳಿದವುಗಳಿಗಿಂತ ಸ್ವಚ್ಛ. ಅದೇ ಸಂಜೆಯ ಆರು ಜನರ ಪಂದ್ಯವನ್ನೂ ಬಿಡಬೇಡಿ: ಎಳೆಯ ರೇ ಮಿಸ್ಟೀರಿಯೊ ಜೂನಿಯರ್, ಎದುರು ಸಿಕೋಸಿಸ್, ಫುವೆರ್ಸಾ ಗೆರೇರಾ. ಮೂವರ ತಂಡದಲ್ಲಿ ಒಬ್ಬ ನಾಯಕನಿರುತ್ತಾನೆ. ಅವನು ಸೋತರೆ ಅಥವಾ ಉಳಿದಿಬ್ಬರೂ ಸೋತರೆ ಸುತ್ತು ಮುಗಿಯಿತು. ಕೈ ತಟ್ಟದೆಯೇ ಹೇಗೆ ಒಳಗೆ ಬಂದ ಎಂದು ಕೇಳುವವರಿಗೆ: ಒಳಗಿದ್ದವನು ನೆಲಕ್ಕೆ ಇಳಿದರೆ ಜೊತೆಗಾರ ನೇರ ನುಗ್ಗಬಹುದು. ಈ ವೇಗವೆಲ್ಲ ಹುಟ್ಟುವುದು ಆ ಒಂದು ಸವಲತ್ತಿನಿಂದ.

ಮುಂದಿನ ಎರಡು ಒಂದಕ್ಕೊಂದು ಪೂರ್ತಿ ವಿರುದ್ಧ. ನಿಮ್ಮ ರುಚಿ ಯಾವುದೆಂದು ಇಲ್ಲಿ ಗೊತ್ತಾಗುತ್ತದೆ.

1983ರ ಸೆಪ್ಟೆಂಬರ್ 23, ಸಾಂಗ್ರೆ ಚಿಕಾನಾ ಎದುರು ಎಂಎಸ್-1, ಕೂದಲಿಗೆ ಕೂದಲು. 1933ರಲ್ಲಿ ಸಾಲ್ವಡಾರ್ ಲುಟೆರೋತ್ ಕಟ್ಟಿದ ಇಎಂಎಲ್ಎಲ್ ಎಂಬ ಕುಸ್ತಿ ಸಂಸ್ಥೆಯ 50ನೇ ವಾರ್ಷಿಕೋತ್ಸವದ ಪಂದ್ಯ. ಹಾರಾಟ ಇಲ್ಲವೆನ್ನುವಷ್ಟು ಕಡಿಮೆ. ಗುದ್ದು, ರಕ್ತ, ಒಂದು ತೋಪೆ. ಎಂಎಸ್-1 ಶುರುವಿನಲ್ಲೇ ಮೇಲೆರಗುತ್ತಾನೆ, ಚಿಕಾನಾನ ಮುಖ ರಕ್ತಮಯ. ನಂತರ ಚಿಕಾನಾ ತಿರುಗಿಬಿದ್ದು ಕೊಡುವ ಒಂದು ಗುದ್ದಿದೆ. ಲೂಚಾ ಎಂದರೆ ಬರೀ ಪಲ್ಟಿ ಎಂದುಕೊಂಡವರ ಭ್ರಮೆಯನ್ನು ಅದೊಂದೇ ಬಿಡಿಸುತ್ತದೆ. ಭಾಷೆ ಬೇಡ, ಹಿನ್ನೆಲೆ ಬೇಡ, ನಿಯಮವೂ ಹೆಚ್ಚೇನು ಬೇಡ. ತೊಡಕು ಎರಡು: ಹಳೆಯ ಟೇಪಿನಿಂದ ಇಳಿಸಿದ ಮಬ್ಬು ಚಿತ್ರ, ಮತ್ತು ರಕ್ತ. ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಇಲ್ಲೊಂದು ತಮಾಷೆ ಕಾಣಬಹುದು. ನಮ್ಮ ಜಟ್ಟಿಗಳು ತಲೆ ಬೋಳಿಸಿಕೊಂಡೇ ಕಣಕ್ಕಿಳಿಯುತ್ತಾರೆ, ಮೊದಲ ಹನಿ ರಕ್ತಕ್ಕೆ ಕಾಳಗ ಮುಗಿಯುತ್ತದೆ. ಇಲ್ಲಿ ರಕ್ತ ಬಂದ ಮೇಲೆ ಪಂದ್ಯ ಶುರು, ತಲೆ ಬೋಳಿಸುವುದು ಕೊನೆಗೆ.

1990ರ ಜೂನ್ 1, ಎಲ್ ಡ್ಯಾಂಡಿ ಎದುರು ಆಂಹೆಲ್ ಅಸ್ತೆಕಾ, ಎನ್‌ಡಬ್ಲ್ಯುಎ ವಿಶ್ವ ಮಿಡಲ್‌ವೇಟ್ ಪಟ್ಟಕ್ಕಾಗಿ. ಪಣದ ಪಂದ್ಯಕ್ಕೂ ಪಟ್ಟದ ಪಂದ್ಯಕ್ಕೂ ನಡತೆಯೇ ಬೇರೆ. ಬೆಲ್ಟಿನ ಮುಂದೆ ರೂಡೊ ಕೂಡ ಸಭ್ಯ. ಗುದ್ದಾಟ ಇರುವುದಿಲ್ಲ, ಮುಖವಾಡಕ್ಕೆ ಕೈ ಹಾಕುವುದಿಲ್ಲ, ಮೊದಲ ಸುತ್ತು ಬಹುಪಾಲು ನೆಲದ ಮೇಲಿನ ಪಟ್ಟು. ಗರಡಿ ಕುಸ್ತಿ ನೋಡಿ ಅಭ್ಯಾಸವಿದ್ದವರು ಇದನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ: ಒಂದು ಪಟ್ಟು, ಅದಕ್ಕೆ ಬಿಡಿಸುವ ಪಟ್ಟು, ಅದರ ಬಾಲದಿಂದಲೇ ಮತ್ತೊಂದು. ನೋಡುವ ಕ್ರಮ ಹೀಗಿರಲಿ. ಮೊದಲ ಸುತ್ತಿನಲ್ಲಿ ಮುಖ ನೋಡಬೇಡಿ, ಕೆಳಗಿರುವವನ ಸೊಂಟ ನೋಡಿ. ಬಿಡಿಸಿಕೊಳ್ಳುವ ತಿರುವು ಅಲ್ಲಿಂದ ಹೊರಡುತ್ತದೆ. ಮೂರನೇ ಸುತ್ತಿನಲ್ಲಿ ಹಾರಾಟ ತೆರೆದುಕೊಂಡಾಗ ಅಷ್ಟು ಹೊತ್ತು ನೆಲದಲ್ಲಿ ಕಳೆದದ್ದಕ್ಕೆ ಫಲ ಸಿಗುತ್ತದೆ. ಫೋನಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಇದರಷ್ಟು ಸಪ್ಪೆ ಪಂದ್ಯವಿಲ್ಲ. 1990ರ ದಶಕದ ಕೊನೆಗೆ ಅಮೆರಿಕದ ಕುಸ್ತಿ ಸಂಸ್ಥೆ ಡಬ್ಲ್ಯುಸಿಡಬ್ಲ್ಯುನಲ್ಲಿ ಮಾತ್ರ ಡ್ಯಾಂಡಿಯನ್ನು ಕಂಡವರಿಗೆ, ಇವನೇ ಅವನೇ ಎಂಬ ಅನುಮಾನ ಬರುವುದು ಸಹಜ.

ಎರಡರಲ್ಲಿ ಒಂದೇ ಎಂದರೆ 1983. ಕರಕುಶಲತೆಯಲ್ಲಿ 1990 ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಕಣ್ಣು ಪಳಗಿರಬೇಕು. ನಾಲ್ಕನೆಯದಾಗಿ ನೋಡಿದವರಿಗೆ ಹಿಡಿಸುವ ಪಂದ್ಯ ಮೊದಲನೆಯದಾಗಿ ನೋಡಿದವರಿಗೆ ನಿದ್ದೆ ತರಿಸುತ್ತದೆ.

1997ರ ಸೆಪ್ಟೆಂಬರ್ 19, ಎಲ್ ಇಹೊ ದೆಲ್ ಸಾಂತೊ ಎದುರು ನೆಗ್ರೊ ಕಾಸಾಸ್, ಮುಖವಾಡಕ್ಕೆ ಕೂದಲು. ಒಂದು ಮುಖ್ಯ ಸಂಗತಿ ಗೊತ್ತಿಲ್ಲದೆ ಇದನ್ನು ನೋಡಿದರೆ ಎಲ್ಲ ತಲೆಕೆಳಗು. ಬೆಳ್ಳಿ ಮುಖವಾಡದ ಸಾಂತೊ ಎಂದರೆ ಮೆಕ್ಸಿಕೋಗೆ ದೇವರ ಸಮಾನ, ಮಗನೂ ಅಲ್ಲಿಯವರೆಗೆ ಟೆಕ್ನಿಕೊ. ಅಂಥವನು 1996ರ ಕೊನೆಗೆ ಕಾಸಾಸ್ ಮೇಲೆ ಬಿದ್ದು ರೂಡೊ ಆಗಿಬಿಟ್ಟ. ಹೀಗಾಗಿ ಇಲ್ಲಿ ಹಳೆಯ ರೂಡೊ ಕಾಸಾಸ್ ಜನರ ಮಗ, ಸಂತನ ಮಗ ಖಳ. ಇಬ್ಬರ ಹಗೆಯೂ ಹೊಸದಲ್ಲ, 1987ರಲ್ಲೇ ಲಾಸ್ ಏಂಜಲೀಸ್‌ನಲ್ಲಿ ಇದೇ ಪಣಕ್ಕೆ ಸೆಣಸಿ ಕಾಸಾಸ್ ಕೂದಲು ಕಳೆದುಕೊಂಡಿದ್ದ. 1997ರಲ್ಲೂ ಅದೇ ಆಯಿತು. ಅಭಿನಯದ ಮಟ್ಟಿಗೆ ಆರರಲ್ಲಿ ಇದೇ ಮೇಲೆಂದು ಹೇಳಬಹುದು. ಕಾಸಾಸ್ ಏಟು ತಿಂದಾಗ ಭುಜ ಕುಸಿಯುವ ರೀತಿ ಗಮನಿಸಿ.

ಕೊನೆಯದು 2000ದ ಮಾರ್ಚ್ 17, ಅಟ್ಲಾಂಟಿಸ್ ಎದುರು ವಿಯ್ಯಾನೊ ಮೂರನೆಯವನು, ಮುಖವಾಡಕ್ಕೆ ಮುಖವಾಡ. ಅನೇಕರು ಹೊಸಬರ ಕೈಗೆ ಮೊದಲು ಇದನ್ನೇ ಕೊಡುತ್ತಾರೆ. ಅದು ಸರಿಯಲ್ಲ ಎಂದು ಇಲ್ಲಿ ವಾದ. ಪಂದ್ಯ ಚೆನ್ನಾಗಿದೆ ಎನ್ನುವುದಕ್ಕಿಂತ ಅದರ ತೂಕ ಇರುವುದು ಬೇರೆಡೆ: ವಿಯ್ಯಾನೊ ಸುಮಾರು 30 ವರ್ಷ ಉಳಿಸಿಕೊಂಡಿದ್ದ ಮುಖವಾಡ, ರೇ ಮೆಂದೋಸಾ ಎಂಬ ದೊಡ್ಡ ಜಟ್ಟಿಯ ಮಗನೆಂಬ ಮನೆತನದ ಭಾರ. ಒಂದು ಬಟ್ಟೆಗೆ ಇಷ್ಟು ಬೆಲೆ ಯಾಕೆ ಎನ್ನುವುದು ಹೊಟ್ಟೆಗೆ ಇಳಿಯುವವರೆಗೆ ಇದು ಇಬ್ಬರು ಮುಖವಾಡದವರ ಉದ್ದದ ಗುದ್ದಾಟ, ಅಷ್ಟೆ. ಮೇಲಿನ ನಾಲ್ಕೈದು ಮುಗಿಸಿ ಬಂದರೆ, ಅಟ್ಲಾಂಟಿಸ್ ಅವನನ್ನು ಹೆಗಲ ಮೇಲೆ ಅಡ್ಡಹಾಕಿ ಬೆನ್ನು ಬಾಗಿಸುವ 'ಅಟ್ಲಾಂತಿದಾ' ಪಟ್ಟಿಗೆ ಎತ್ತಿದಾಗ ಉಸಿರು ಹಿಡಿಯುತ್ತದೆ.

ಪಟ್ಟಿಗಳಲ್ಲಿ ಸಿಗುವ ಇನ್ನೆರಡನ್ನು ಬೇಕೆಂದೇ ಬಿಟ್ಟಿದೆ. 1952ರ ನವೆಂಬರ್ 7ರ ಎಲ್ ಸಾಂತೊ–ಬ್ಲ್ಯಾಕ್ ಶ್ಯಾಡೊ ಪಂದ್ಯ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡದು, ಆದರೆ ಮೊದಲಿಂದ ಕೊನೆಯವರೆಗೆ ಕೂತು ನೋಡಲು ಸಿಗುವಂಥದ್ದಲ್ಲ. 1990ರ ಸಿಯೆನ್ ಕಾರಾಸ್–ರಾಯೊ ದೆ ಹಲಿಸ್ಕೊ ಜೂನಿಯರ್ ಮುಖವಾಡದ ಪಂದ್ಯಕ್ಕೆ ಅರೇನಾ ಕಿಕ್ಕಿರಿದಿತ್ತು. ಇಬ್ಬರೂ ಭಾರಿ ಆಳುಗಳು, ನಡೆ ನಿಧಾನ. ಗದ್ದಲವನ್ನು ಕೇಳಲು ನೋಡಿ, ಕುಸ್ತಿ ಕಲಿಯಲು ಅಲ್ಲ.

ಹುಡುಕುವಾಗ ಜಟ್ಟಿಗಳ ಹೆಸರಿನ ಜೊತೆ ವರ್ಷವನ್ನೂ ಹಾಕಿ, ಇಲ್ಲದಿದ್ದರೆ ಅದೇ ಇಬ್ಬರ ಬೇರೆ ಹತ್ತು ಪಂದ್ಯ ಬರುತ್ತವೆ. ಬ್ಲೂ ಪ್ಯಾಂಥರ್ 2008ರಲ್ಲಿ ಐದನೇ ವಿಯ್ಯಾನೊಗೆ ತನ್ನ ಮುಖವಾಡವನ್ನೂ ಸೋತ, ಆ ವಿಡಿಯೋ ಮೊದಲು ಕಣ್ಣಿಗೆ ಬಿದ್ದರೆ 1992ರ ರುಚಿ ಕೆಡುತ್ತದೆ. ವಿಡಿಯೋ ಎಷ್ಟು ಉದ್ದವಿದೆ ಎಂದೂ ನೋಡಿಕೊಳ್ಳಿ. ಹತ್ತು ನಿಮಿಷದ್ದಾದರೆ ಯಾರೋ ಮೊದಲೆರಡು ಸುತ್ತು ಕತ್ತರಿಸಿದ್ದಾರೆ. ಪಣದ ಪಂದ್ಯವಾದರೆ ಕೊನೆಯ ಎಣಿಕೆ ಆದ ಮೇಲೂ ಆರಿಸಬೇಡಿ. ಸೋತವನ ಮುಖವಾಡದ ಹಿಂದಿನ ಲಾಡಿ ಬಿಚ್ಚುವುದು, ಅವನು ಮುಖ ತೋರಿಸಿ ಹೆಸರು, ಊರು, ಎಷ್ಟು ವರ್ಷದಿಂದ ಕುಸ್ತಿ ಎಂದು ಹೇಳುವುದು, ಜನ ದನಿ ಎತ್ತುವುದು ಎಲ್ಲ ಆಮೇಲೆ. ವಿಯ್ಯಾನೊ ತನ್ನ ಹೆಸರು ಆರ್ತುರೊ ದಿಯಾಸ್ ಮೆಂದೋಸಾ ಎಂದು ಹೇಳುವುದೂ ಆಗಲೇ.