ಗಲ್ಫಿನಿಂದ ಬದಿಯಡ್ಕಕ್ಕೆ: ಎನ್‌ಆರ್‌ಇ ಖಾತೆಯ ಹತ್ತು ವರ್ಷ

ಕಾಸರಗೋಡು ಕಡೆಯಿಂದ ದುಬೈ, ಶಾರ್ಜಾಕ್ಕೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದು ಊರಿಗೆ ದುಡ್ಡು ಕಳಿಸಲು ಯಾವ ಬ್ಯಾಂಕು ಒಳ್ಳೆಯದು ಅಂತ. ಇದರಲ್ಲಿ ಎರಡು ಪ್ರಶ್ನೆ ಇದೆ. ಯಾರ ಮೂಲಕ ಕಳಿಸುವುದು? ಊರಿನಲ್ಲಿ ಎಲ್ಲಿ ಇಡುವುದು? ಎರಡಕ್ಕೂ ಒಂದೇ ಬ್ಯಾಂಕು ಆಗಬೇಕೆಂದಿಲ್ಲ. ನಾನು ಶಾರ್ಜಾದಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿತು. ಕಳಿಸುವುದು ಇಲ್ಲಿನ ಎಕ್ಸ್‌ಚೇಂಜ್ (ಹಣ ಬದಲಿಸಿ ಊರಿಗೆ ಕಳಿಸುವ ಕಂಪನಿ) ಒಂದರ ಆ್ಯಪ್‌ನಿಂದ. ಇಡುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಸರ್ಕಾರಿ ಬ್ಯಾಂಕಿನ ಎನ್‌ಆರ್‌ಇ ಖಾತೆಯಲ್ಲಿ, ಅಂದರೆ ಹೊರದೇಶದಲ್ಲಿ ಇರುವವರು ಅಲ್ಲಿನ ಗಳಿಕೆಯನ್ನು ಊರಿನಲ್ಲಿ ರೂಪಾಯಿಯಲ್ಲಿ ಇಡುವ ಖಾತೆಯಲ್ಲಿ. ಬ್ಯಾಂಕಿನ ಹೆಸರು ಬರೆಯುತ್ತಿಲ್ಲ. ಅದೇ ಬ್ಯಾಂಕಿನ ಇನ್ನೊಂದು ಬ್ರಾಂಚಿನಲ್ಲಿ ನಿಮ್ಮ ಅನುಭವ ಬೇರೆಯೇ ಆಗಬಹುದು.

ಕಳಿಸುವ ವಿಷಯ ಬೇಗ ಮುಗಿಸುತ್ತೇನೆ. ಬೋರ್ಡಿನ ಮೇಲಿನ ರೇಟು ನೋಡಿ ತೀರ್ಮಾನ ಮಾಡಬೇಡಿ. "ಮೂರು ಸಾವಿರ ದಿರ್ಹಮ್ ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?" ಅಂತ ಕೇಳಿ. ಫೀಸು, ಅದರ ಮೇಲಿನ 5% ವ್ಯಾಟ್, ರೇಟಿನಲ್ಲಿ ಅವರು ಇಟ್ಟುಕೊಳ್ಳುವ ಲಾಭ ಎಲ್ಲ ಆ ಒಂದು ಉತ್ತರದಲ್ಲಿ ಬರುತ್ತದೆ. ಹತ್ತು ಪೈಸೆ ವ್ಯತ್ಯಾಸ ಅಂದರೆ ಮೂರು ಸಾವಿರಕ್ಕೆ 300 ರೂಪಾಯಿ. ಎಕ್ಸ್‌ಚೇಂಜ್‌ನವರು ಇಂಡಿಯಾದ ಬ್ಯಾಂಕುಗಳಲ್ಲಿ ಮೊದಲೇ ರೂಪಾಯಿ ಖಾತೆ ಇಟ್ಟಿರುತ್ತಾರೆ. ಹಾಗಾಗಿ ಹಣ ನೆಫ್ಟ್ ಅಥವಾ ಐಎಂಪಿಎಸ್‌ನಲ್ಲಿ ಸೀದಾ ಬರುತ್ತದೆ. ಇಲ್ಲಿನ ಬ್ಯಾಂಕಿನಿಂದ ಸ್ವಿಫ್ಟ್ (ದೇಶ ದೇಶಗಳ ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಮೂಲಕ ಕಳಿಸಿದರೆ ನಡುವಿನ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳುವುದುಂಟು. ರೇಟು ಏರಲಿ ಅಂತ ವಾರಗಟ್ಟಲೆ ಕಾಯುವವರನ್ನು ನೋಡಿದ್ದೇನೆ. ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725 ಅಂತ ಕಟ್ಟಿಹಾಕಿದ ಕರೆನ್ಸಿ. ಏರಿಳಿಯುವುದು ನಮ್ಮ ರೂಪಾಯಿ ಮಾತ್ರ. ಅದು ನಾಳೆ ಎಲ್ಲಿರುತ್ತದೆ ಅಂತ ಯಾರಿಗೂ ಹೇಳಲಾಗದು. ಮನೆಯ ಖರ್ಚಿನ ದುಡ್ಡನ್ನು ಸಂಬಳ ಬಂದ ವಾರವೇ ಕಳಿಸಿಬಿಡಿ.

ಊರಿನ ಬ್ಯಾಂಕು ಆರಿಸುವಾಗ ನಾನು ನೋಡಿದ್ದು ಒಂದೇ. ಅಮ್ಮನಿಗೆ ಅಲ್ಲಿ ಒಬ್ಬರೇ ಹೋಗಿ ಕೆಲಸ ಮುಗಿಸಿಕೊಂಡು ಬರಲು ಆಗುತ್ತದಾ? ಇಲ್ಲಿ ಕುಳಿತು ಆ್ಯಪ್ ಚೆನ್ನಾಗಿದೆ ಅಂತ ಖಾತೆ ತೆರೆದರೆ, ಎಟಿಎಂ ಕಾರ್ಡ್ ಸಿಕ್ಕಿಬಿದ್ದ ದಿನ ಕಾಸರಗೋಡು ಪೇಟೆವರೆಗೆ ಬಸ್ಸು ಹಿಡಿಯಬೇಕಾದವರು ಅವರು. ಅಮ್ಮ ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಮ್ಮ ಬ್ರಾಂಚಿನಲ್ಲೂ ಫಾರಂ ಸಿಗುವುದು ಇಂಗ್ಲಿಷ್, ಮಲಯಾಳದಲ್ಲೇ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕನ್ನಡ ಓದುವ ಇಷ್ಟು ಹಿರಿಯರಿದ್ದಾರೆ. ಹಣ ತೆಗೆಯುವ ಚೀಟಿಯಾದರೂ ಕನ್ನಡದಲ್ಲಿ ಇರಬೇಡವೇ? ಆದರೆ ಕೌಂಟರಿನಲ್ಲಿ ಕನ್ನಡ, ತುಳು ಎರಡೂ ಬಲ್ಲ ಒಬ್ಬರು ಮೇಡಂ ಇದ್ದಾರೆ. "ಅಮ್ಮ, ಇಲ್ಲಿ ಸೈನ್ ಹಾಕಿ, ಉಳಿದದ್ದು ನಾನು ಬರೀತೇನೆ" ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಮಾರ್ಕು ಅವರಿಗೇ ಹೋಗಬೇಕು. ಅವರಿಗೆ ವರ್ಗ ಆದರೆ ಏನು ಅನ್ನುವ ಚಿಂತೆಯೂ ಇದೆ.

ಖಾತೆಯ ವ್ಯವಸ್ಥೆ ಹೀಗೆ. ಎನ್‌ಆರ್‌ಇ ನನ್ನ ಹೆಸರಿನಲ್ಲಿ, ಅಮ್ಮನಿಗೆ ಅದೇ ಬ್ರಾಂಚಿನಲ್ಲಿ ಬೇರೆ ಎಸ್‌ಬಿ ಖಾತೆ. ಪ್ರತಿ ತಿಂಗಳು ತನ್ನಷ್ಟಕ್ಕೆ ಅಲ್ಲಿಗೆ ಖರ್ಚಿನ ದುಡ್ಡು ಹೋಗುವಂತೆ ಬರೆದುಕೊಟ್ಟಿದ್ದೇನೆ. ಎನ್‌ಆರ್‌ಇ ಬಡ್ಡಿಗೆ ಇಂಡಿಯಾದಲ್ಲಿ ಆದಾಯ ತೆರಿಗೆ ಇಲ್ಲ. ಬೇಕಾದರೆ ಹಣವನ್ನು ಪೂರ್ತಿ ಹೊರಗೆ ವಾಪಸ್ ಒಯ್ಯಬಹುದು. ಡೆಪಾಸಿಟ್ ಇಟ್ಟರೆ ಕನಿಷ್ಠ ಒಂದು ವರ್ಷ ಮುಟ್ಟಬಾರದು, ಮೊದಲೇ ಮುರಿದರೆ ಬಡ್ಡಿ ಸೊನ್ನೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಡೆಪಾಸಿಟ್ ವಿಮೆ 2020ರಿಂದ ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷ. ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಬ್ಯಾಂಕಿನಲ್ಲಿ ಹಂಚಿಡಿ.

ಅಡಿಕೆ ತೋಟ ಇರುವವರು ಒಂದು ವಿಷಯ ಗಮನಿಸಬೇಕು. ತೋಟ ನಿಮ್ಮ ಹೆಸರಿನಲ್ಲಿದ್ದರೆ, ಕ್ಯಾಂಪ್ಕೋಗೆ (ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ) ಅಡಿಕೆ ಹಾಕಿದ ದುಡ್ಡು ಸೀದಾ ಎನ್‌ಆರ್‌ಇಗೆ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಊರಿನ ಆದಾಯಕ್ಕೆ ಎನ್‌ಆರ್‌ಒ ಖಾತೆ ಬೇಕು. ಗಲ್ಫಿಗೆ ಹೊರಟ ಮೇಲೆ ನಿಮ್ಮ ಹಳೆಯ ಎಸ್‌ಬಿ ಖಾತೆಯನ್ನು ಎನ್‌ಆರ್‌ಒ ಮಾಡಿಸಿಕೊಳ್ಳಬೇಕಾದದ್ದೇ. ಅದರ ಬಡ್ಡಿಗೆ 30% ತೆರಿಗೆ, ಮೇಲೆ ಸೆಸ್ ಮುರಿಯುತ್ತಾರೆ. ಅಲ್ಲಿ ದೊಡ್ಡ ಮೊತ್ತ ಸುಮ್ನೆ ಇಡುವುದರಲ್ಲಿ ಅರ್ಥ ಇಲ್ಲ.

ಈಚೆಗೆ ಬಂದ ಒಳ್ಳೆಯ ಬದಲಾವಣೆ ಯುಪಿಐ. 2023ರಿಂದ ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹಲವು ದೇಶಗಳ ಮೊಬೈಲ್ ನಂಬರಿಗೆ ಎನ್‌ಆರ್‌ಇ ಖಾತೆ ಜೋಡಿಸಲು ಒಪ್ಪಿಗೆ ಸಿಕ್ಕಿದೆ. ನಿಮ್ಮ ಬ್ಯಾಂಕು ಅದನ್ನು ಕೊಡುತ್ತದಾ ಅಂತ ಖಾತೆ ತೆರೆಯುವ ಮೊದಲೇ ಕೇಳಿ. ಈಗ ಕರೆಂಟ್ ಬಿಲ್ಲು, ಅಡಿಕೆ ಕೊಯ್ದವರ ಕೂಲಿ ಎಲ್ಲ ನಾನೇ ಇಲ್ಲಿಂದ ಹಾಕುತ್ತೇನೆ. ಕೊಯ್ಲು ಮುಗಿಸಿ ನಿಂತವರು ಚಿಲ್ಲರೆಗೆ ಕಾಯುವುದು ತಪ್ಪಿತು.

ತೊಂದರೆ ಇಲ್ಲವೇ? ಇದೆ. ಮುಖ್ಯವಾಗಿ ಕೆವೈಸಿ, ಅಂದರೆ ಗುರುತು, ವಿಳಾಸದ ಕಾಗದಗಳ ಪರಿಶೀಲನೆ. ಪಾಸ್‌ಪೋರ್ಟ್ ಹೊಸದಾದಾಗ, ವೀಸಾ ಬದಲಾದಾಗ ಕಾಗದ ಮತ್ತೆ ಕೊಡಬೇಕು. ಒಮ್ಮೆ ಎಲ್ಲ ದೃಢೀಕರಿಸಿ ಇಮೇಲ್ ಮಾಡಿದ ಮೇಲೂ ಖಾತೆ ತಡೆಹಿಡಿದರು. ವಾರಗಟ್ಟಲೆ ಫೋನ್ ಮಾಡಿಸಿದರು. ಕೊನೆಗೆ ಅಮ್ಮ ಅದೇ ಕಾಗದದ ಪ್ರಿಂಟ್ ಹಿಡಿದು ಬ್ರಾಂಚಿಗೆ ಹೋದರು, ಅವತ್ತೇ ಸರಿಯಾಯಿತು. ಹತ್ತಿರದ ಬ್ರಾಂಚು ಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಇನ್ನೊಂದು ಓಟಿಪಿ. ಊರಿನ ಸಿಮ್‌ಗೆ ರೀಚಾರ್ಜ್ ತಪ್ಪಿದರೆ ಖಾತೆಗೆ ಬೀಗ ಬಿದ್ದ ಹಾಗೆ. ಇಲ್ಲಿನ ನಂಬರಿಗೇ ಓಟಿಪಿ ಕಳಿಸುವ ಬ್ಯಾಂಕು ಹುಡುಕಿ.

ಮನೆಯಲ್ಲಿ ಹಳೆಯ ಪಾಸ್‌ಬುಕ್ ಇದ್ದರೆ ಅದನ್ನೂ ನೋಡಿಕೊಳ್ಳಿ. ನಮ್ಮ ಕಡೆ ಹೆಚ್ಚಿನವರದ್ದು ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಖಾತೆಗಳೇ ಅಲ್ವಾ? ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಐಎಫ್‌ಎಸ್‌ಸಿ ಕೋಡುಗಳೂ ಬದಲಾದವು. ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಹಳೆಯ ಕೋಡ್ ಉಳಿದಿದ್ದರೆ ಹೊಸದು ಹಾಕಿ.

ತಮ್ಮನಿಗೆ ಕತಾರಿನಲ್ಲಿ ಕೆಲಸ ಸಿಕ್ಕಿದೆ. ಬೇರೆ ಬ್ಯಾಂಕಿನವರು ಅವನಿಗೆ ದಿನಾ ಫೋನ್ ಮಾಡುತ್ತಿದ್ದಾರೆ. ವೀಸಾ ಕೈಗೆ ಬಂದ ಕೂಡಲೇ ಅವನ ಎನ್‌ಆರ್‌ಇ ಖಾತೆಯನ್ನೂ ಬದಿಯಡ್ಕದ ಅದೇ ಬ್ರಾಂಚಿನಲ್ಲಿ ಮಾಡಿಸುತ್ತಿದ್ದೇನೆ.