ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ: ಚಂದಾದಾರನೊಬ್ಬನ ವಿಮರ್ಶೆ

ಈ ಪತ್ರಿಕೆಯ 1951ರ ಅಕ್ಟೋಬರ್ ತಿಂಗಳ ಸಂಚಿಕೆಯೊಂದರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಒಂದು ಹಳ್ಳಿಯ ಸಾಮಾಜಿಕ ರಚನೆಯನ್ನು ಕುರಿತು ಬರೆದ ಲೇಖನವಿದೆ. ಜಮೀನು, ಜಾತಿ, ಜೀತ, ಪಟೇಲರ ಪಂಚಾಯಿತಿ ಇವೆಲ್ಲ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು, ನಮ್ಮ ಅಜ್ಜಂದಿರು ಕಂಡ ಊರನ್ನೇ ಕಣ್ಣೆದುರು ನಿಲ್ಲಿಸುವಂತೆ ಅವರು ವಿವರಿಸುತ್ತಾರೆ. ಮುಂಬೈಯ ಅರ್ಥಶಾಸ್ತ್ರದ ವಾರಪತ್ರಿಕೆಯೊಂದು ಕಾವೇರಿ ನಾಲೆಯ ಬಯಲಿನ ಹಳ್ಳಿಗೆ ಇಷ್ಟು ಪುಟಗಳನ್ನು ಬಿಟ್ಟುಕೊಟ್ಟಿತ್ತು ಎಂಬ ಸಂಗತಿಯೇ ನನ್ನನ್ನು ಅದರ ಹಳೆಯ ಸಂಚಿಕೆಗಳತ್ತ ಎಳೆದದ್ದು. ಆ ಸಂಗ್ರಹವನ್ನು ಬಹುಕಾಲ ಓದಿದವನಾಗಿ, ಚಂದಾ ಕಟ್ಟಲು ಯೋಚಿಸುತ್ತಿರುವವರಿಗಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಸಚಿನ್ ಚೌಧುರಿ ಅವರು 1949ರಲ್ಲಿ ‘ಎಕನಾಮಿಕ್ ವೀಕ್ಲಿ’ ಎಂಬ ಹೆಸರಿನಲ್ಲಿ ಈ ಪತ್ರಿಕೆಯನ್ನು ಆರಂಭಿಸಿದರು. ಮಾಲೀಕರೊಡನೆ ಭಿನ್ನಾಭಿಪ್ರಾಯ ತಲೆದೋರಿ 1965ರ ಕೊನೆಗೆ ಅದು ನಿಂತುಹೋಯಿತು. ಹಿತೈಷಿಗಳು ಹಣ ಕೂಡಿಸಿ ಸಮೀಕ್ಷಾ ಟ್ರಸ್ಟ್ ಸ್ಥಾಪಿಸಿದ್ದರಿಂದ 1966ರ ಆಗಸ್ಟ್‌ನಲ್ಲಿ ಈಗಿನ ಹೆಸರಿನೊಡನೆ ಪತ್ರಿಕೆ ಮತ್ತೆ ಹೊರಬಂತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಚೌಧುರಿ ತೀರಿಕೊಂಡರು. 1969ರಲ್ಲಿ ಸಂಪಾದಕರಾದ ಕೃಷ್ಣರಾಜ್ ಅವರು 2004ರ ಜನವರಿಯಲ್ಲಿ ನಿಧನರಾಗುವವರೆಗೂ, ಅಂದರೆ ಸುಮಾರು ಮೂವತ್ತೈದು ವರ್ಷ, ಹೊಣೆ ಹೊತ್ತಿದ್ದರು. ಮಾಲೀಕನ ಕೈಯಿಂದ ಟ್ರಸ್ಟಿನ ಕೈಗೆ ಬಂದದ್ದೇ ಈ ಚರಿತ್ರೆಯ ನಿರ್ಣಾಯಕ ತಿರುವು ಎಂದು ನಾನು ತಿಳಿದಿದ್ದೇನೆ. ಟ್ರಸ್ಟ್ ಇದ್ದಮಾತ್ರಕ್ಕೆ ಎಲ್ಲವೂ ನೇರ್ಪಾಗುವುದಿಲ್ಲ ಎಂಬುದೂ ನಿಜ: 2017ರಲ್ಲಿ ಅದಾನಿ ಸಮೂಹವನ್ನು ಕುರಿತ ಲೇಖನವೊಂದಕ್ಕೆ ಲಾಯರ್ ನೋಟಿಸು ಬಂದಾಗ, ಆ ಲೇಖನವನ್ನು ಜಾಲತಾಣದಿಂದ ತೆಗೆಯುವಂತೆ ಟ್ರಸ್ಟ್ ಸೂಚಿಸಿತು, ಸಂಪಾದಕ ಪರಂಜಯ್ ಗುಹಾ ಠಾಕುರ್ತಾ ರಾಜೀನಾಮೆ ನೀಡಿದರು. ಪತ್ರಿಕೆಯನ್ನು ಪ್ರೀತಿಸುವ ನನ್ನಂಥವರಿಗೆ ಇಂದಿಗೂ ನೋವಿನ ಅಧ್ಯಾಯವಿದು.

ಪತ್ರಿಕೆಯ ಒಲವು ಎಡಕ್ಕೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಒಲವು ಘೋಷಣೆಗಳಲ್ಲಿಲ್ಲ. ಗೇಣಿದಾರ, ಕೂಲಿಯಾಳು, ದಲಿತ, ಹೆಣ್ಣುಮಗಳು ಇವರ ಬದುಕಿನ ಲೆಕ್ಕವನ್ನು ಮೊದಲು ಕೇಳುವ ಅಭ್ಯಾಸದಲ್ಲಿದೆ, ಆ ಲೆಕ್ಕವನ್ನು ಯಾರು ಬೇಕಾದರೂ ಪ್ರಶ್ನಿಸಲು ಬಿಡುವ ಧಾರಾಳತನದಲ್ಲಿದೆ. 1971ರ ಜನವರಿಯಲ್ಲಿ ಅರ್ಥಶಾಸ್ತ್ರಜ್ಞರಾದ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು ಭಾರತದ ಬಡತನವನ್ನು ಕುರಿತು ಎರಡು ಕಂತುಗಳಲ್ಲಿ ಬರೆದರು. ದಿನಕ್ಕೆ ತಲಾ 2,250 ಕ್ಯಾಲೊರಿ ಆಹಾರ ಒದಗುವಷ್ಟು ಖರ್ಚನ್ನು ಬಡತನದ ಗೆರೆಯಾಗಿಟ್ಟುಕೊಂಡು, 1960-61ರಲ್ಲಿ ಗ್ರಾಮಾಂತರದ ಸುಮಾರು 40 ಶೇಕಡಾ ಮತ್ತು ನಗರಗಳ ಸುಮಾರು 50 ಶೇಕಡಾ ಜನ ಆ ಗೆರೆಯ ಕೆಳಗಿದ್ದರೆಂದು ಲೆಕ್ಕ ಹಾಕಿದರು. 1978ರಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರು, ಒಬ್ಬೊಬ್ಬರ ದೇಹದ ಬೇಡಿಕೆ ಒಂದೊಂದು ಬಗೆಯಾಗಿರುವಾಗ ಸರಾಸರಿ ಕ್ಯಾಲೊರಿಯನ್ನು ಗೆರೆಯಾಗಿ ಎಳೆಯುವುದು ತಪ್ಪೆಂದು ಅದೇ ಪುಟಗಳಲ್ಲಿ ವಾದಿಸಿದರು. ದಾಂಡೇಕರ್ 1981ರಲ್ಲಿ ಅಲ್ಲಿಯೇ ಉತ್ತರ ಕೊಟ್ಟರು. ಭಾರತದ ಬೇಸಾಯದಲ್ಲಿ ಬಂಡವಾಳಶಾಹಿ ನೆಲೆಯೂರಿದೆಯೇ ಎಂಬ ಬಗ್ಗೆ ಅಶೋಕ್ ರುದ್ರ, ಉತ್ಸಾ ಪಟ್ನಾಯಕ್ ಮೊದಲಾದವರು ಎಪ್ಪತ್ತರ ದಶಕದಲ್ಲಿ ನಡೆಸಿದ ವಾಗ್ವಾದವಂತೂ ಎಡಪಂಥೀಯರು ತಮ್ಮ ತಮ್ಮಲ್ಲೇ ಎಷ್ಟು ನಿಷ್ಠುರವಾಗಿ ವಾದಿಸಬಲ್ಲರು ಎಂಬುದಕ್ಕೆ ಸಾಕ್ಷಿ. 1985ರಿಂದ ಬರುತ್ತಿರುವ ಮಹಿಳಾ ಅಧ್ಯಯನದ ವಿಶೇಷ ಪುರವಣಿಯನ್ನು ನಾನು ತಪ್ಪದೆ ಓದುತ್ತೇನೆ.

ಓದುವುದು ಸುಲಭವೆಂದು ಹೇಳಲಾರೆ. ವಿಶೇಷ ಲೇಖನಗಳ ಭಾಷೆ ಬಿಗಿ. ಕೋಷ್ಟಕಗಳೂ ಸಮೀಕರಣಗಳೂ ಹೇರಳ. ಸಂಶೋಧಕರು ಸಂಶೋಧಕರಿಗಾಗಿಯೇ ಬರೆದಂತಿರುವ ಬರಹಗಳು ಈಚೆಗೆ ಹೆಚ್ಚಾಗಿವೆ ಎಂಬುದು ನನ್ನ ಅನಿಸಿಕೆ. ಶ್ರೀನಿವಾಸರ ಲೇಖನದ ತಿಳಿಯಾದ ಗದ್ಯವನ್ನು ಓದಿ ಬಂದವರಿಗೆ ಈ ಅಂತರ ಎದ್ದು ಕಾಣುತ್ತದೆ. ಇಂಗ್ಲಿಷ್ ಸಲೀಸಾಗಿ ಬಾರದ ರೈತ ಸಂಘದ ಕಾರ್ಯಕರ್ತನಿಗೂ ಅಂಗನವಾಡಿ ಕಾರ್ಯಕರ್ತೆಗೂ, ಅವರದೇ ಬದುಕನ್ನು ಕುರಿತ ಈ ಬರಹಗಳು ಎಟುಕುವುದಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಆದರೂ ಚಂದಾ ಕಟ್ಟಿ ಎಂದೇ ಹೇಳುತ್ತೇನೆ, ಮುಖ್ಯವಾಗಿ ಹಳೆಯ ಸಂಚಿಕೆಗಳಿಗಾಗಿ. ಹೊಸಬರು ಪ್ರತಿ ವಾರದ ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೋಗದೆ, ಸಂಪಾದಕೀಯ ಮತ್ತು ವ್ಯಾಖ್ಯಾನದ ವಿಭಾಗಗಳಿಂದ ಶುರುಮಾಡುವುದು ಒಳ್ಳೆಯದು. ಆಮೇಲೆ ಒಂದು ವಾಗ್ವಾದವನ್ನು ಆರಿಸಿಕೊಂಡು ಕಾಲಕ್ರಮದಲ್ಲಿ ಓದಬೇಕು: 1971ರ ದಾಂಡೇಕರ್ ಮತ್ತು ರಥ್, 1978ರ ಸುಖಾತ್ಮೆ, 1981ರ ದಾಂಡೇಕರ್. ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಒಂದು ನೋಟುಪುಸ್ತಕ, ಮೂರು ನಾಲ್ಕು ಬಿಡುವಿನ ಸಂಜೆಗಳು ಇದ್ದರೆ ಅಷ್ಟಕ್ಕೆ ಸಾಕು.