ಹಿಂದಿನ ಚಕ್ರ ಬಿಚ್ಚಿ ಪಂಕ್ಚರ್ ಹಾಕಿಸಿದ್ದೀರಾ? ಟಾರ್ಕ್ ರಾಡ್ ನೋಡದೆ ಗಾಡಿ ಹತ್ತಬೇಡಿ

ತುಮಕೂರಿನ ಶಿರಾ ಗೇಟ್ ಕಡೆಯ ಹುಡುಗನೊಬ್ಬ ವಸಂತನರಸಾಪುರದ ಫ್ಯಾಕ್ಟರಿಗೆ ಬೆಳಗಿನ ಶಿಫ್ಟಿಗೆ ಹೊರಟಿದ್ದ. ಕೋರದ ಹತ್ತಿರ ಹೆದ್ದಾರಿಯಲ್ಲಿ ಬಿದ್ದ. ಯಾರೂ ಅಡ್ಡ ಬಂದಿರಲಿಲ್ಲ, ಗುಂಡಿ ಇರಲಿಲ್ಲ, ಮಳೆಯೂ ಇರಲಿಲ್ಲ. ಮುಂದೆ ನಿಧಾನಕ್ಕೆ ಹೋಗುತ್ತಿದ್ದ ಟ್ರ್ಯಾಕ್ಟರ್ ನೋಡಿ ಹಿಂದಿನ ಬ್ರೇಕ್ ತುಳಿದಿದ್ದಾನೆ. ಚಕ್ರ ಹಿಡಿದುಕೊಂಡಿದೆ, ಕಾಲು ತೆಗೆದರೂ ಬಿಟ್ಟಿಲ್ಲ. ಗಾಡಿ ಅಡ್ಡ ತಿರುಗಿ ಉಜ್ಜಿಕೊಂಡು ಹೋಯಿತು. ಅಂಗೈ, ಮೊಣಕಾಲು ಸುಲಿದು ಹೆಗಲಿನ ಮೂಳೆ ಬಿಟ್ಟಿತು. ಹಿಂದಿದ್ದ ಲಾರಿಯವರು ದೂರ ಬಿಟ್ಟುಕೊಂಡು ಬರುತ್ತಿದ್ದರು, ಅದಕ್ಕೇ ಹುಡುಗ ಉಳಿದ.

ಗಾಡಿ 100 ಸಿಸಿಯದು. ಹಿಂದೆ ಡ್ರಮ್ ಬ್ರೇಕು, ಟ್ಯೂಬ್ ಇರುವ ಟೈರು. ಆ ವಾರವೇ ರಸ್ತೆಬದಿಯ ಅಂಗಡಿಯೊಂದರಲ್ಲಿ ಹಿಂದಿನ ಚಕ್ರ ಬಿಚ್ಚಿಸಿ ಪಂಕ್ಚರ್ ಹಾಕಿಸಿದ್ದ, ಹಾಗೇ ಚೈನನ್ನೂ ಟೈಟ್ ಮಾಡಿಸಿದ್ದ. ಅಂಗಡಿ ಯಾವುದು ಅಂತ ಕೇಳಬೇಡಿ, ಇಲ್ಲಿ ಹೆಸರು ಬೇಕಿಲ್ಲ. ಇದೇ ಕೆಲಸ ಇದೇ ರೀತಿಯಲ್ಲಿ ಎಷ್ಟೋ ಕಡೆ ದಿನಾ ನಡೆಯುತ್ತದೆ. ನಿಮ್ಮ ಗಾಡಿಯಲ್ಲೂ ಆಗಿರಬಹುದು ಅನ್ನುವುದಕ್ಕೇ ಇಷ್ಟು ಬರೆಯುತ್ತಿರುವುದು.

ಗಾಡಿಯನ್ನು ಗ್ಯಾರೇಜಿಗೆ ತಂದು ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಹಿಂದಿನ ಚಕ್ರದ ಬಲಗಡೆ, ಬ್ರೇಕ್ ಶೂ ಕೂತಿರುವ ಅಲ್ಯೂಮಿನಿಯಂ ಪ್ಲೇಟು ಇರುತ್ತದಲ್ಲ, ಅದರಿಂದ ಸ್ವಿಂಗ್ ಆರ್ಮಿಗೆ (ಹಿಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಕವಲಿಗೆ) ಒಂದು ಚಪ್ಪಟೆ ಪಟ್ಟಿ ಹೋಗುತ್ತದೆ. ಅದೇ ಟಾರ್ಕ್ ರಾಡ್. ಪ್ಲೇಟಿನ ಕಡೆಯ ಬೋಲ್ಟಿನಲ್ಲಿ ನಟ್ಟು ಇರಲಿಲ್ಲ, ರಾಡ್ ಕಳಚಿ ಕೆಳಗೆ ನೇತಾಡುತ್ತಿತ್ತು. ಬೋಲ್ಟಿನ ತುದಿಯಲ್ಲಿ ಕಾಟರ್ ಪಿನ್, ಅಂದರೆ ನಟ್ಟು ಬಿಚ್ಚಿಹೋಗದಂತೆ ತಡೆಯುವ ಎರಡು ಕಾಲಿನ ಪಿನ್, ಹಾಕಲು ಒಂದು ತೂತು ಇರುತ್ತದೆ. ಆ ತೂತಿನ ತುಂಬ ಗ್ರೀಸು ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಪಿನ್ ಇದ್ದು ಮುರಿದಿದ್ದರೆ ಅದರ ತುಂಡಾದರೂ ಒಳಗೆ ಸಿಗಬೇಕಿತ್ತು. ಅಂದರೆ ಪಿನ್ ಹಾಕಿಯೇ ಇಲ್ಲ, ಬಹುಶಃ ಹಿಂದಿನ ಎಷ್ಟೋ ಪಂಕ್ಚರುಗಳಿಂದಲೂ ಇರಲಿಲ್ಲ. ಈ ಸಲ ನಟ್ಟನ್ನೂ ಸ್ಪ್ಯಾನರ್ ಹಾಕಿ ಬಿಗಿದಿಲ್ಲ, ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದಾರೆ. ಅದುರಿ ಅದುರಿ ಬಿಚ್ಚಿಹೋಗಿದೆ.

ಈ ಪಟ್ಟಿಯ ಕೆಲಸ ಏನು ಅನ್ನುವುದು ಗೊತ್ತಿದ್ದರೆ ಯಾರೂ ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬ್ರೇಕ್ ತುಳಿದಾಗ ಶೂಗಳು ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಡ್ರಮ್ಮು ಶೂಗಳನ್ನೂ ಅವು ಕೂತಿರುವ ಪ್ಲೇಟನ್ನೂ ತನ್ನ ಜೊತೆ ಎಳೆದುಕೊಂಡು ತಿರುಗಲು ನೋಡುತ್ತದೆ. ಹಾಗೆ ತಿರುಗದಂತೆ ಪ್ಲೇಟನ್ನು ತಡೆದು ನಿಲ್ಲಿಸುವುದು ಈ ಒಂದು ರಾಡ್ ಮಾತ್ರ. ರಾಡ್ ಇಲ್ಲದಿದ್ದರೆ ಪ್ಲೇಟು ಚಕ್ರದ ಜೊತೆ ತಿರುಗುತ್ತದೆ. ಬಹಳಷ್ಟು ಗಾಡಿಗಳಲ್ಲಿ ಬ್ರೇಕ್ ಲಿವರ್ ಪ್ಲೇಟಿನ ಕೆಳಭಾಗದಲ್ಲಿದೆ, ಪೆಡಲ್ಲಿನಿಂದ ಬರುವ ಬ್ರೇಕ್ ರಾಡ್ ಅದನ್ನು ಮುಂದಕ್ಕೆ ಎಳೆದಾಗ ಬ್ರೇಕ್ ಹಿಡಿಯುತ್ತದೆ. ಪ್ಲೇಟು ತಿರುಗಿದರೆ ಆ ಕೆಳಭಾಗ ಹಿಂದಕ್ಕೆ ಹೋಗುತ್ತದೆ, ಬ್ರೇಕ್ ರಾಡ್ ಇನ್ನೂ ಬಿಗಿಯುತ್ತದೆ, ಶೂ ಇನ್ನೂ ಹಿಡಿಯುತ್ತದೆ, ಪ್ಲೇಟು ಇನ್ನೂ ತಿರುಗುತ್ತದೆ. ಕಾಲು ತೆಗೆದರೂ ಬ್ರೇಕ್ ಬಿಡದೆ ಇದ್ದದ್ದು ಇದಕ್ಕೇ. ಆ ಹುಡುಗನ ಗಾಡಿಯಲ್ಲಿ ಬ್ರೇಕ್ ರಾಡ್ ಬಿಲ್ಲಿನ ಹಾಗೆ ಬಾಗಿತ್ತು.

ಬೀಳುವ ಮೊದಲು ಗಾಡಿ ಸೂಚನೆ ಕೊಟ್ಟಿತ್ತು. ಬ್ರೇಕ್ ತುಳಿದಾಗಲೆಲ್ಲ ಹಿಂದೆ ‘ಟಕ್’ ಅನ್ನುತ್ತಿತ್ತಂತೆ, ಚೈನ್ ಸದ್ದು ಅಂದುಕೊಂಡಿದ್ದ. ಚೈನ್ ಸದ್ದು ಓಡುವಾಗ ಬರುತ್ತದೆ, ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಬ್ರೇಕ್ ಒತ್ತಿದ ಕ್ಷಣ ಒಂದೇ ಒಂದು ಸಲ ಟಕ್ ಅಂದರೆ, ಬಿಟ್ಟಾಗ ಇನ್ನೊಂದು ಸಲ ಅಂದರೆ, ಟಾರ್ಕ್ ರಾಡ್ ಲೂಸಾಗಿದೆ ಅಂತಲೇ ಮೊದಲು ಅನುಮಾನಪಡಿ. ಗಾಡಿ ಅಲ್ಲೇ ನಿಲ್ಲಿಸಿ.

ನೋಡುವುದು ಹೀಗೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಬಲಗಡೆ ಕೂತು, ರಾಡಿನ ಎರಡೂ ತುದಿ ಹಿಡಿದು ಅಲ್ಲಾಡಿಸಿ. ಅಲ್ಲಾಡಲೇಬಾರದು. ಪ್ಲೇಟಿನ ಕಡೆ ನಟ್ಟು, ವಾಷರ್, ಕಾಟರ್ ಪಿನ್ ಮೂರೂ ಇರಬೇಕು, ಪಿನ್ನಿನ ಎರಡು ಕಾಲೂ ಅಗಲಿಸಿ ಬಾಗಿಸಿರಬೇಕು. ಕೆಲವು ಗಾಡಿಗಳಲ್ಲಿ ಕಾಟರ್ ಪಿನ್ ಬದಲು ಸ್ಪ್ರಿಂಗಿನ ಕ್ಲಿಪ್ ಪಿನ್ ಬರುತ್ತದೆ, ಅದೂ ಸರಿ. ಆದರೆ ಪಿನ್ನಿನ ಜಾಗದಲ್ಲಿ ತಂತಿ ಸುತ್ತಿರುವುದು, ಮೊಳೆ ಬಾಗಿಸಿರುವುದು ಕಂಡರೆ ಕಿತ್ತುಹಾಕಿ ಸರಿಯಾದ್ದು ಹಾಕಿಸಿ. ಬಿಚ್ಚಿದ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಬಾಗಿದ ಜಾಗದಲ್ಲೇ ಮುರಿಯುತ್ತದೆ. ಹೊಸದಕ್ಕೆ ಕೆಲವೇ ರೂಪಾಯಿ. ಒಂದೆರಡು ಟೂಲ್ ಕಿಟ್ಟಿನಲ್ಲೇ ಇಟ್ಟುಕೊಂಡಿದ್ದರೆ ಪಂಕ್ಚರ್ ಅಂಗಡಿಯಲ್ಲಿ ‘ಪಿನ್ ಇಲ್ಲ ಸಾರ್’ ಅನ್ನುವ ಮಾತೇ ಬರುವುದಿಲ್ಲ. ಹಿಂದೆ ಡಿಸ್ಕ್ ಬ್ರೇಕ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ ಈ ರಾಡ್ ಇರುವುದಿಲ್ಲ, ಸ್ಕೂಟರುಗಳಲ್ಲೂ ಇಲ್ಲ.

ಆ ಗಾಡಿಯಲ್ಲಿ ಇನ್ನೂ ಎರಡು ತಪ್ಪುಗಳಿದ್ದವು. ಎರಡೂ ಚೈನ್ ಟೈಟ್ ಮಾಡುವಾಗ ಆದವು.

ಮೊದಲನೆಯದು, ಚೈನು ಬಿಗಿದ ತಂತಿಯಾಗಿತ್ತು. ‘ಸದ್ದು ಬರ್ತಿದೆ, ಚೆನ್ನಾಗಿ ಟೈಟ್ ಮಾಡಿ’ ಅಂತ ನಾವೇ ಹೇಳುತ್ತೇವೆ, ಅವರೂ ಮಾಡಿಕೊಡುತ್ತಾರೆ. 100–125 ಸಿಸಿ ಗಾಡಿಗಳಲ್ಲಿ ಕೆಳಗಿನ ಚೈನಿನ ನಡುಮಧ್ಯ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಒಟ್ಟು 20ರಿಂದ 30 ಮಿ.ಮೀ. ಆಡಬೇಕು. ನಿಮ್ಮ ಗಾಡಿಯ ಸರಿಯಾದ ಅಳತೆ ಮ್ಯಾನ್ಯುಯಲ್‌ನಲ್ಲಿದೆ. ಹಿಂದೆ ಒಬ್ಬರು ಕೂತು, ಎರಡೂ ಕಡೆ ಹಾಲಿನ ಕ್ಯಾನೋ ಕೊಬ್ಬರಿ ಚೀಲವೋ ಇದ್ದು ಹಂಪಿನ ಮೇಲೆ ಹಾರಿದಾಗ ಶಾಕ್ ಅಬ್ಸಾರ್ಬರ್ ಕುಸಿದು ಚೈನ್ ಓಡುವ ಎರಡು ಹಲ್ಲಿನ ಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ ನಡುವಿನ ಅಂತರ ಹೆಚ್ಚುತ್ತದೆ. ಆ ಹೆಚ್ಚಿನ ಅಂತರಕ್ಕಾಗಿಯೇ ಚೈನಿನಲ್ಲಿ ಸಡಿಲ ಬಿಡುವುದು. ಬಿಡದಿದ್ದರೆ ಪೂರ್ತಿ ಎಳೆತ ಗೇರ್‌ಬಾಕ್ಸಿನ ಬೇರಿಂಗಿಗೂ ಚಕ್ರದ ಬೇರಿಂಗಿಗೂ ಬೀಳುತ್ತದೆ, ಚೈನ್ ಬೇಗ ಉದ್ದವಾಗುತ್ತದೆ, ಕೆಲವೊಮ್ಮೆ ಚೈನಿನ ಎರಡು ತುದಿ ಜೋಡಿಸುವ ಲಾಕ್ ಹಾರಿ ಕಡಿದೇಹೋಗುತ್ತದೆ. ಚಕ್ರವನ್ನು ನಿಧಾನ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಒಂದು ಕಡೆ ಲೂಸು, ಇನ್ನೊಂದು ಕಡೆ ಬಿಗಿ ಬಂದರೆ ಚೈನ್ ಸವೆದಿದೆ. ಅಂಥ ಚೈನನ್ನು ಲೂಸಾದ ಜಾಗ ನೋಡಿ ಟೈಟ್ ಮಾಡಿದರೆ ಬಿಗಿ ಜಾಗದಲ್ಲಿ ಒಳಗಿನ ಬೇರಿಂಗ್ ಹೊಡೆತ ತಿನ್ನುತ್ತದೆ. ಅದಕ್ಕೆ ಪರಿಹಾರ ಚೈನ್ ಸೆಟ್ಟೇ: ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಒಟ್ಟಿಗೆ. ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿ ದುಡ್ಡು ಉಳಿಸಿದರೆ ಹೊಸ ಚೈನೂ ಬೇಗನೆ ಹಾಳು.

ಎರಡನೆಯದು ಬ್ರೇಕ್. ಚೈನ್ ಟೈಟ್ ಮಾಡುವುದೆಂದರೆ ಚಕ್ರವನ್ನು ಹಿಂದಕ್ಕೆ ಎಳೆಯುವುದು. ಚಕ್ರದ ಜೊತೆ ಪ್ಲೇಟೂ ಹಿಂದೆ ಹೋಗುತ್ತದೆ, ಆದರೆ ಬ್ರೇಕ್ ರಾಡಿನ ಉದ್ದ ಅಷ್ಟೇ ಇರುತ್ತದೆ. ಹಾಗಾಗಿ ಪೆಡಲ್ ತುಳಿಯದೆಯೇ ಶೂ ಡ್ರಮ್ಮಿಗೆ ತಾಗಿಕೊಂಡು ಓಡುತ್ತದೆ. ಡ್ರಮ್ಮು ಕಾಯುತ್ತದೆ, ಶೂ ಸವೆಯುತ್ತದೆ, ಮೈಲೇಜ್ ಬಿದ್ದುಹೋಗುತ್ತದೆ, ಜನ ಕಾರ್ಬೊರೇಟರ್ ಟ್ಯೂನ್ ಮಾಡಿಸಲು ಹೋಗುತ್ತಾರೆ. ಚೈನ್ ಮುಟ್ಟಿದ ಮೇಲೆ ಬ್ರೇಕ್ ರಾಡಿನ ತುದಿಯ ನಟ್ಟು ತಿರುಗಿಸಿ ಪೆಡಲ್ಲಿಗೆ 20–30 ಮಿ.ಮೀ. ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸಡಿಲ) ಬಿಡಲೇಬೇಕು. ಚಕ್ರ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಆಮೇಲೆ ಬ್ರೇಕ್ ಲೈಟ್ ಎಲ್ಲಿ ಹತ್ತುತ್ತದೆ ನೋಡಿ, ಬೇಕಿದ್ದರೆ ಸ್ವಿಚ್ಚಿನ ನಟ್ಟನ್ನೂ ಸರಿಮಾಡಿ. ಬ್ರೇಕ್ ಲಿವರ್ ಬುಡದಲ್ಲಿ ಒಂದು ಬಾಣದ ಗುರುತು, ಪ್ಲೇಟಿನ ಮೇಲೆ ಇನ್ನೊಂದು ಗುರುತು ಇರುತ್ತದೆ. ಪೂರ್ತಿ ಬ್ರೇಕ್ ಒತ್ತಿದಾಗ ಎರಡೂ ಒಂದಕ್ಕೊಂದು ಎದುರಾದರೆ ಶೂ ಮುಗಿದಿದೆ. ಅಲ್ಲಿಂದಾಚೆ ನಟ್ಟು ಬಿಗಿಯುತ್ತಾ ಹೋಗಬೇಡಿ, ಶೂ ಬದಲಿಸಿ.

ಚಕ್ರ ಕೂಡಿಸಿದ ಮೇಲೆ ದುಡ್ಡು ಕೊಡುವ ಮೊದಲು ನೀವೇ ಬಗ್ಗಿ ನೋಡಬೇಕಾದ್ದು ಇಷ್ಟು. ಸ್ವಿಂಗ್ ಆರ್ಮಿನ ಎರಡೂ ಕಡೆ ಚೈನ್ ಅಡ್ಜಸ್ಟರ್ ಒಂದೇ ಗೀಟಿಗೆ ನಿಂತಿದೆಯಾ? ಇಲ್ಲವಾದರೆ ಚಕ್ರ ವಾರೆ ಕೂತಿದೆ, ಸ್ಪ್ರಾಕೆಟ್ ಹಲ್ಲು ಒಂದೇ ಮಗ್ಗುಲಿಗೆ ಸವೆಯುತ್ತದೆ. ಆಕ್ಸಲ್ ನಟ್ಟನ್ನು ಸರಿಯಾದ ಉದ್ದದ ಸ್ಪ್ಯಾನರ್ ಹಾಕಿ ಬಿಗಿದರಾ? ಕೆಲವು ಗಾಡಿಗಳಲ್ಲಿ ಸ್ಪ್ರಾಕೆಟ್ ಕಡೆ ಇನ್ನೊಂದು ದೊಡ್ಡ ಸ್ಲೀವ್ ನಟ್ಟು ಇದೆ, ಅದನ್ನೂ ಬಿಗಿದರಾ? ಅಡ್ಜಸ್ಟರಿನ ಲಾಕ್ ನಟ್ಟು? ಎಲ್ಲ ಬಿಗಿದ ಮೇಲೆ ಚೈನ್ ಸಡಿಲ ಇನ್ನೊಮ್ಮೆ ನೋಡಿ, ನಟ್ಟು ಬಿಗಿಯುವಾಗ ಅಳತೆ ಬದಲಾಗುವುದುಂಟು. ಚೈನ್ ಲಾಕ್ ಬಿಚ್ಚಿದ್ದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ, ಸೀಳಿದ ತುದಿ ಹಿಂದಕ್ಕೆ ಇರಬೇಕು. ತಿರುಗಾಮುರುಗಾ ಹಾಕಿದರೆ ಏನಾದರೂ ತಾಗಿ ಕ್ಲಿಪ್ ಹಾರಿಹೋಗುತ್ತದೆ.

ಚೈನ್ ಕವರ್ ಪೂರ್ತಿ ಮುಚ್ಚಿರುವ ಗಾಡಿಯವರು ಚೈನನ್ನು ಮರೆತೇಬಿಡುತ್ತಾರೆ. ಕವರಿನಲ್ಲಿ ಒಂದು ರಬ್ಬರ್ ಮುಚ್ಚಳ ಇದೆ, ಅದು ಇರುವುದು ನೋಡುವುದಕ್ಕೇ. 500 ಕಿ.ಮೀ.ಗೊಮ್ಮೆ ಸೀಮೆಎಣ್ಣೆಯಲ್ಲಿ ಒರೆಸಿ 90ರ (SAE 90 ಗ್ರೇಡಿನ) ಗೇರ್ ಆಯಿಲ್ ಹಾಕಿ. ಗ್ಯಾರೇಜಿನಲ್ಲಿ ಸುರಿಯುವ ಕಪ್ಪು ವೇಸ್ಟ್ ಆಯಿಲ್ ಬೇಡವೇ ಬೇಡ, ಅದರಲ್ಲಿ ಎಂಜಿನ್ ಸವೆದ ಪುಡಿ ಇರುತ್ತದೆ. ವಾಟರ್ ಸರ್ವಿಸ್ ಮಾಡಿಸಿದರೆ ಅವತ್ತೇ ಚೈನಿಗೆ ಎಣ್ಣೆ ಬೀಳಬೇಕು. ಡೀಸೆಲ್ ಸ್ಪ್ರೇ ಬೇಡ ಅನ್ನಿ, ಅದು ಡ್ರಮ್ ಒಳಗೆ ಹೋದರೆ ಶೂ ಜಾರುತ್ತದೆ.

ಗಾಡಿ ಕೈಗೆ ಬಂದ ಮೇಲೆ ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗದೊಳಗೆ ನಾಲ್ಕೈದು ಸಲ ಹಿಂದಿನ ಬ್ರೇಕ್ ಒತ್ತಿ ನೋಡಿ, ಟಕ್ ಅನ್ನಬಾರದು. ಮತ್ತೆ ಎರಡು ಕಿ.ಮೀ. ಹೋಗಿ ನಿಂತು, ಡ್ರಮ್ಮಿನ ಹತ್ತಿರ ಅಂಗೈ ಒಡ್ಡಿ, ಆಮೇಲೆ ಬೆರಳು ತಾಗಿಸಿ. ಬ್ರೇಕ್ ಹೆಚ್ಚು ಹಿಡಿಯದೆಯೂ ಬೆರಳು ಇಡಲಾಗದಷ್ಟು ಕಾದಿದ್ದರೆ ಶೂ ಹಿಡಿದಿದೆ. ಅಲ್ಲೇ ಬ್ರೇಕ್ ರಾಡಿನ ನಟ್ಟನ್ನು ಅರ್ಧರ್ಧ ಸುತ್ತು ಸಡಿಲಿಸಿ, ಚಕ್ರ ಸಲೀಸಾಗಿ ತಿರುಗುವವರೆಗೆ.